ಕ್ರಾಸ್‌ನಲ್ಲಿ ಇಳಿಯುವವರ ಮಾತೂ ಬರಲಿ

ನಿಮ್ಮ ಲೇಖನದಲ್ಲಿ ಕೂಡುರಸ್ತೆಯನ್ನು, ಅಂದರೆ ಕ್ರಾಸನ್ನು, ಬದುಕಿನ ಆಯ್ಕೆಗಳಿಗೆ ಹೋಲಿಸಿ ಬರೆದಿದ್ದೀರಿ, ಓದಿ ಖುಷಿಯಾಯಿತು. ಆದರೆ ನಿಜವಾದ ಕೂಡುರಸ್ತೆಗಳ ಬಗ್ಗೆಯೂ ನಾಲ್ಕು ಮಾತು ಬೇಕಿತ್ತು.

ಬೆಂಗಳೂರು ಪೇಟೆಯ ಕಥೆ ಶುರುವಾಗುವುದೇ ಅಲ್ಲಿಂದ ಅಲ್ವಾ? 1537ರಲ್ಲಿ ಕೆಂಪೇಗೌಡರು ನಾಲ್ಕು ಜೋಡಿ ಎತ್ತು ಕಟ್ಟಿಸಿ, ನಾಲ್ಕು ದಿಕ್ಕಿಗೂ ನೇಗಿಲು ಹೊಡೆಸಿದರು ಎನ್ನುತ್ತಾರೆ. ಚಿಕ್ಕಪೇಟೆಯೂ ದೊಡ್ಡಪೇಟೆಯೂ, ಅಂದರೆ ಈಗಿನ ಅವೆನ್ಯೂ ರಸ್ತೆ, ಸೇರುವ ಜಾಗ ಅದು.

ಬಡಾವಣೆಗಳಲ್ಲಿ ಕ್ರಾಸ್ ಅಂದರೆ ಮೇನ್ ರೋಡಿಗೆ ಅಡ್ಡ ಹಾಯುವ ಬೀದಿ. ಮಲ್ಲೇಶ್ವರದ 8ನೇ ಕ್ರಾಸ್ ಅಂದರೆ ಸಾಕು, ಹಬ್ಬದ ಹೂವು ಹಣ್ಣಿನ ರಾಶಿ ಕಣ್ಮುಂದೆ ಬರುತ್ತದೆ. ಹೆದ್ದಾರಿಯ ಕ್ರಾಸ್ ಬೇರೆಯೇ. ಅಲ್ಲಿ ಹಳ್ಳಿಯ ದಾರಿ ಒಡೆಯುತ್ತದೆ. ಒಂದು ಟೀ ಅಂಗಡಿ, ಪಂಕ್ಚರ್ ಹಾಕುವವರು, ಜನ ತುಂಬುವವರೆಗೂ ಹೊರಡದ ಆಟೋ. "ಯಾರ್ರೀ ಕ್ರಾಸ್ ಇಳಿಯೋರು, ಮುಂದೆ ಬನ್ನಿ" ಅಂತ ಕಂಡಕ್ಟರ್ ಕೂಗುತ್ತಾರೆ. ಊರು ಅಲ್ಲಿಂದ ಇನ್ನೂ ಎರಡು ಮೂರು ಕಿಲೋಮೀಟರ್ ಒಳಗೆ.

ರಸ್ತೆ ಅಗಲವಾದ ಮೇಲೆ ಈ ಜಾಗಗಳ ಪಾಡು ನೋಡಿದರೆ ಹೊಟ್ಟೆ ಉರಿಯುತ್ತದೆ. ಎಷ್ಟೋ ಬಸ್ಸುಗಳು ಸರ್ವಿಸ್ ರಸ್ತೆಗೆ ಇಳಿಯದೆ ಮೇಲ್ಸೇತುವೆ ಹತ್ತಿ ಹೋಗಿಬಿಡುತ್ತವೆ. ಚೀಲ ಹೊತ್ತ ಅಜ್ಜಿಯರು ಡಿವೈಡರ್ ದಾಟಿ ಆ ಕಡೆ ಓಡಬೇಕು. ದಾಟಲು ಕೆಳಸೇತುವೆ, ನಿಲ್ಲಲು ನೆರಳು, ರಾತ್ರಿಗೆ ಒಂದು ದೀಪ, ಇಷ್ಟನ್ನಾದರೂ ಪ್ರತಿ ಕ್ರಾಸ್‌ಗೂ ಕೊಡಲೇಬೇಕು. ಮುಂದಿನ ಲೇಖನದಲ್ಲಿ ದಯವಿಟ್ಟು ಇದರ ಬಗ್ಗೆ ಬರೆಯಿರಿ.