ಭೂಮಣ್ಣಿ ಬುಟ್ಟಿಯ ಕೆಂಪು, ಸಡ್ಬರಿಯ ಕೆಂಪು

ಕೆನಡಾದ ಛಾಯಾಗ್ರಾಹಕ ಎಡ್ವರ್ಡ್ ಬರ್ಟಿನ್ಸ್ಕಿ ಅವರು 1996ರಲ್ಲಿ ಅಲ್ಲಿನ ಒಂಟಾರಿಯೊ ಪ್ರಾಂತ್ಯದ ಸಡ್ಬರಿಯಲ್ಲಿ ತೆಗೆದ ಛಾಯಾಚಿತ್ರವೊಂದರಲ್ಲಿ ಕಪ್ಪು ನೆಲದ ನಡುವೆ ಕೆಂಡದ ಬಣ್ಣದ ತೊರೆಯೊಂದು ಹರಿಯುತ್ತದೆ. ನಿಕ್ಕಲ್ ತೆಗೆದ ಮೇಲೆ ಉಳಿದ ಗಣಿತ್ಯಾಜ್ಯದಲ್ಲಿನ ಕಬ್ಬಿಣ ಗಾಳಿಗೆ ತುಕ್ಕು ಹಿಡಿದು ಆ ನೀರಿಗೆ ಬಣ್ಣ ಬಂದಿದೆ. ಮಲೆನಾಡಿನ ಸಾಗರದ ಕಡೆಯಿಂದ ಬಂದು ಅದೇ ಒಂಟಾರಿಯೊದ ಹ್ಯಾಮಿಲ್ಟನ್‌ನಲ್ಲಿ ನೆಲೆಸಿದ ನನಗೆ ಆ ಚಿತ್ರ ಮೊದಲು ಚೆಂದ ಕಂಡಿತು. ಚೆಂದ ಕಂಡಿತಲ್ಲ ಎಂಬ ನಾಚಿಕೆ ಅನಂತರ ಬಂತು.

ಇಲ್ಲಿನ ಗ್ಯಾಲರಿಗಳಲ್ಲಿ ಪ್ರದರ್ಶನ ಆರಂಭವಾಗುವಾಗ, ಈ ನೆಲ ಯಾವ ಮೂಲನಿವಾಸಿಗಳದೆಂದು ನೆನೆಯುವ ನಾಲ್ಕು ಸಾಲು ಓದುವ ರೂಢಿಯಿದೆ. ಅದು ಬಹಳ ಸಲ ನಮ್ಮ ಸಭೆಗಳ ಸ್ವಾಗತ ಭಾಷಣದಷ್ಟೇ ಒಣಗಿರುತ್ತದೆ. ಆದರೆ ಸಮೀಪದ ಗ್ರ್ಯಾಂಡ್ ನದಿಯ ದಡದಲ್ಲಿರುವ ಹೋಡೆನಶೋನಿ ಎಂಬ ಮೂಲನಿವಾಸಿ ಜನರ 'ಎಲ್ಲ ಮಾತಿಗೂ ಮೊದಲ ಮಾತು' ಬೇರೆಯೇ ಬಗೆಯದು. ಜನ, ಭೂತಾಯಿ, ನೀರು, ಮೀನು, ಗಿಡಮೂಲಿಕೆ, ಗುಡುಗು, ಅಜ್ಜಿಯಾದ ಚಂದ್ರ ಹೀಗೆ ಒಂದೊಂದಕ್ಕೂ ವಂದಿಸಿ, ಪ್ರತಿಸಲವೂ ನಮ್ಮ ಮನಸ್ಸುಗಳು ಈಗ ಒಂದಾಗಿವೆ ಎನ್ನುವ ಆ ಮಾತಿನಲ್ಲಿ ಬೇಡಿಕೆಯೇ ಇಲ್ಲ. 1784ರಲ್ಲಿ ಬ್ರಿಟಿಷರು ನದಿಯ ಎರಡೂ ದಡಗಳಲ್ಲಿ ಆರಾರು ಮೈಲಿ ನೆಲವನ್ನು ಬರೆದು ಕೊಟ್ಟಿದ್ದರೂ ಅದರ ಸಣ್ಣದೊಂದು ಪಾಲು ಮಾತ್ರ ಉಳಿದಿರುವ ಜನ ಹೀಗೆ ವಂದಿಸುತ್ತಾರೆ ಎಂಬುದನ್ನು ಮರೆತರೆ ಅದು ಬರೀ ಸೌಜನ್ಯವೆನಿಸೀತು. ಬ್ರಾಂಟ್‌ಫರ್ಡ್‌ನಲ್ಲಿ ಅವರದೇ ವುಡ್‌ಲ್ಯಾಂಡ್ ಸಾಂಸ್ಕೃತಿಕ ಕೇಂದ್ರ 1972ರಲ್ಲಿ ತೆರೆದದ್ದು, ಅವರ ಮಕ್ಕಳಿಂದ ಭಾಷೆಯನ್ನು ಕಿತ್ತುಕೊಂಡ ವಸತಿಶಾಲೆಯೊಂದು ಮುಚ್ಚಿದ ಜಾಗದಲ್ಲಿ.

ನಮ್ಮಲ್ಲಿಯೂ ಇಂಥದ್ದಿದೆ, ಗೋಡೆಯ ಮೇಲಲ್ಲ, ಗದ್ದೆಯಲ್ಲಿ. ಭೂಮಿ ಹುಣ್ಣಿಮೆಗೆ ಮುನ್ನ ದೀವರ ಸಮುದಾಯದ ಹೆಂಗಸರು ಭೂಮಣ್ಣಿ ಬುಟ್ಟಿಯೆಂಬ ಬಿದಿರ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ತೆನೆಗಟ್ಟಿದ ಬಸುರಿ ಭೂಮಿಗೆ ಬಯಕೆಯೂಟವನ್ನು ಆ ಬುಟ್ಟಿಯಲ್ಲಿ ಹೊತ್ತೊಯ್ದು, ಚರಗವೆಂದು ಅಡುಗೆಯನ್ನು ಗದ್ದೆಗೆ ಬೀರಿ, ಒಂದು ಕಡುಬನ್ನು ಗದ್ದೆಯಲ್ಲೇ ಹೂಳುತ್ತಾರೆ. ಕೆಮ್ಮಣ್ಣಿಗೆ ಬಣ್ಣ ಕೊಡುವುದೂ ತುಕ್ಕು ಹಿಡಿದ ಕಬ್ಬಿಣವೇ ಎಂಬುದು ನನಗೆ ಹೊಳೆದದ್ದು ಸಡ್ಬರಿಯ ಆ ಚಿತ್ರದ ಮುಂದೆ.

ಹೀಗಿದ್ದೂ ನಮ್ಮ ಚಿತ್ತಾರದಲ್ಲಿ ಗಣಿಗೆ ಜಾಗವಿಲ್ಲ ಎನ್ನುವುದು ನನ್ನ ತಕರಾರು. ಕುದುರೆಮುಖದಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಕಬ್ಬಿಣದ ಅದಿರಿನ ಅಗೆತ ನಿಂತರೂ, ಅದಿರು ತೊಳೆದುಳಿದ ಹೂಳು ಲಕ್ಯಾ ಅಣೆಕಟ್ಟೆಯ ಹಿಂದೆ ಇಂದಿಗೂ ಇದೆ. ಕೆನಡಾದವರು ಇಂಥ ಹೂಳನ್ನು ಆಳೆತ್ತರದ ಚಿತ್ರವಾಗಿಸಿ ಕಣ್ಣೆದುರು ನಿಲ್ಲಿಸಿದ್ದಾರೆ, ಆದರೆ ವಂದನೆಯನ್ನು ಬಾಗಿಲ ಬಳಿಯ ಫಲಕಕ್ಕೆ ಬಿಟ್ಟಿದ್ದಾರೆ. ನಾವು ವಂದನೆಯನ್ನು ಕೈಬಿಟ್ಟಿಲ್ಲ, ಹೂಳಿನ ಕಡೆಗೆ ಮಾತ್ರ ಬೆನ್ನು ಹಾಕಿ ನಿಂತಿದ್ದೇವೆ.

ಬೆಂಗಳೂರಿನ ಯಾವುದಾದರೂ ಗ್ಯಾಲರಿ ಲಕ್ಯಾದ ಚಿತ್ರವನ್ನೂ ಭೂಮಣ್ಣಿ ಬುಟ್ಟಿಯನ್ನೂ ಒಂದೇ ಕೋಣೆಯಲ್ಲಿಡಬೇಕೆಂಬುದು ನನ್ನ ಆಸೆ. ಒಳಗೆ ಬರುವವರಿಗೆ ಮೊದಲು ಯಾವುದು ಕಾಣಬೇಕೆಂಬುದನ್ನು ಮಾತ್ರ ನಾನಿನ್ನೂ ತೀರ್ಮಾನಿಸಿಲ್ಲ.