ಕರಡಿ ಡಬ್ಬಿಯೂ ಮಂಜುನಾಥನ ಮುಡಿಪೂ

"ಗೇಟು ಅಂತ ಹೆಸರಿಟ್ಟುಕೊಂಡು ಗೇಟೇ ಇಲ್ವಾ?" ಅಂದಳು ಅಮ್ಮ.

ಗೇಟು ಹಾಗಿರಲಿ, ಅಲ್ಲಿ ರಸ್ತೆಯೂ ಇಲ್ಲ, ಕಾಲುದಾರಿಯೂ ಇಲ್ಲ. ನಾನು, ಹೆಂಡತಿ ಹೊರಟಿರುವುದು ಅಲಾಸ್ಕಾದ ಗೇಟ್ಸ್ ಆಫ್ ದಿ ಆರ್ಕ್ಟಿಕ್ ರಾಷ್ಟ್ರೀಯ ಉದ್ಯಾನಕ್ಕೆ. ಉದ್ಯಾನ ಅಂದ ಕೂಡಲೇ ಲಾಲ್‌ಬಾಗ್ ನೆನೆಸಿಕೊಳ್ಳಬೇಡಿ. ಇದು ಎರಡೂವರೆ ಬೆಳಗಾವಿ ಜಿಲ್ಲೆಯಷ್ಟು ಕಾಡುಬೆಟ್ಟ. 1930ರ ಸುಮಾರಿಗೆ ಬಾಬ್ ಮಾರ್ಷಲ್ ಎಂಬ ಅಲೆಮಾರಿ ಆಸಾಮಿ ನದಿಯ ಆಚೆಗೊಂದು ಈಚೆಗೊಂದು ನಿಂತ ಬೆಟ್ಟ ನೋಡಿ ಹಾಗೆ ಕರೆದ. ಹೆಸರು ಉಳಿಯಿತು.

ಸಿಯಾಟಲ್‌ನಿಂದ ಫೇರ್‌ಬ್ಯಾಂಕ್ಸ್, ಅಲ್ಲಿಂದ ಸಣ್ಣ ವಿಮಾನದಲ್ಲಿ ಬೆಟಲ್ಸ್ ಎಂಬ ಹಳ್ಳಿ, ಅಲ್ಲಿಂದ ನೀರಿನ ಮೇಲೆ ಇಳಿಯುವ ಇನ್ನೂ ಸಣ್ಣ ವಿಮಾನ. ಅದನ್ನು ಹತ್ತುವ ಮುಂಚೆ ಚೀಲದ ಜೊತೆ ನಮ್ಮನ್ನೂ ತೂಗುತ್ತಾರಂತೆ. ಅದನ್ನು ಓದಿದ ದಿನದಿಂದ ಹೆಂಡತಿಗೆ ರಾತ್ರಿ ಒಂದೇ ಚಪಾತಿ. ಮೋಡ ಕವಿದರೆ ವಾಪಸ್ ಕರೆತರುವ ವಿಮಾನ ಬರುವುದಿಲ್ಲ. ಹಾಗಾಗಿ ಆರು ದಿನದ ತಿರುಗಾಟಕ್ಕೆ ಎಂಟು ದಿನದ ಊಟ.

ಊರಿಂದ ಫೋನ್ ಮಾಡಿದ ಅಪ್ಪನ ಚಿಂತೆ ಬೇರೆ. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದಿಲ್ಲ. "ಸಂಜೆಯೇ ಆಗದ ಕಡೆ ಸಂಧ್ಯಾವಂದನೆ ಯಾವಾಗ ಮಾಡ್ತೀಯೋ?" ಸಿಯಾಟಲ್‌ನಲ್ಲಿ ದಿನಾ ಸಂಜೆಯಾದರೂ ನಾನು ಮಾಡುವುದಿಲ್ಲ ಅನ್ನುವುದು ಅವರಿಗೆ ಗೊತ್ತಿಲ್ಲ. ಯೋಚಿಸಿ ಹೇಳ್ತೀನಿ ಅಂದೆ.

ಇನ್ನು ಕರಡಿ. ಅಲ್ಲಿ ಊಟವನ್ನು ಕರಡಿ ಡಬ್ಬಿಯಲ್ಲೇ ಇಡಬೇಕು. ಕರಡಿ ಉರುಳಿಸಿದರೂ ಕಚ್ಚಿದರೂ ಒಡೆಯದ ಕಪ್ಪು ಪ್ಲಾಸ್ಟಿಕ್ ಡ್ರಮ್ಮು. ಮುಚ್ಚಳದಲ್ಲಿ ಎರಡು ಬೀಗ. ಅದರ ಸೀಳಿಗೆ ನಾಣ್ಯ ತೂರಿಸಿ ತಿರುಗಿಸಿದರೆ ತೆರೆಯುತ್ತದೆ. ಕರಡಿಯ ಹತ್ತಿರ ಚಿಲ್ಲರೆ ಇರುವುದಿಲ್ಲ, ಅದೇ ಇದರ ಗುಟ್ಟು.

ಊಟ ಮಾತ್ರವಲ್ಲ, ವಾಸನೆ ಬರುವ ಯಾವುದೂ ಹೊರಗಿರಬಾರದು. ಟೂತ್‌ಪೇಸ್ಟು, ಸೋಪು, ಮುಖಕ್ಕೆ ಹಚ್ಚುವ ಕ್ರೀಮು, ಎಲ್ಲ ಒಳಗೆ. ಮೊನ್ನೆ ಭಾನುವಾರ ಒಂದು ಪ್ರಯೋಗ ಮಾಡೋಣ ಅಂತ ಮನೆಯಲ್ಲೇ ತುಂಬಿಸಲು ಕೂತೆ. ಅವಲಕ್ಕಿ, ಚಟ್ನಿಪುಡಿ, ಅಮ್ಮ ಎರಡು ದಿನ ಕೂತು ಮಾಡಿದ ಪುಳಿಯೋಗರೆ ಗೊಜ್ಜು. "ಕರಡಿಗೆ ಹುಣಿಸೇಹಣ್ಣು ಇಷ್ಟವೇನೋ?" ಅಂತ ಕೇಳಿದಳು. ಹುರುಪಿನಲ್ಲಿ ಮೇಜಿನ ಮೇಲಿದ್ದ ಅವಳ ಅಮೃತಾಂಜನವನ್ನೂ ಹಾಕಿಬಿಟ್ಟೆ. ಮುಚ್ಚಳ ಒತ್ತಿದೆ. ಟಕ್, ಟಕ್.

ರಾತ್ರಿ ಒಂಬತ್ತಕ್ಕೆ ಅಮ್ಮನಿಗೆ ತಲೆನೋವು ಶುರುವಾಯಿತು.

ನಾಣ್ಯ ಎಲ್ಲಿ? ಕಾಡಿನಲ್ಲಿ ಕಳೆದುಹೋಗದಿರಲಿ ಅಂತ ಡಬ್ಬಿಯೊಳಗೇ ಇಟ್ಟಿದ್ದೆ. ಭದ್ರವಾಗಿ, ಸ್ಕ್ರೂಡ್ರೈವರ್ ಜೊತೆ, ಜಿಪ್ ಇರುವ ಪುಟ್ಟ ಚೀಲದಲ್ಲಿ. ಹಾಲಿನಿಂದ ಹೇರ್‌ಕಟ್‌ವರೆಗೆ ಕಾರ್ಡ್ ಉಜ್ಜುವ ಮನೆಯಲ್ಲಿ ಇನ್ನೊಂದು ನಾಣ್ಯ ಎಲ್ಲಿಂದ ಬರಬೇಕು? ಸೋಫಾ ಸಂದಿಯಲ್ಲಿ ಎರಡು ಕಡಲೆಬೀಜ, ಒಂದು ಹೇರ್‌ಪಿನ್ನು ಸಿಕ್ಕವು. ಬೆಣ್ಣೆ ಸವರುವ ಚಾಕು ಬಾಗಿಹೋಯಿತು. ಡಬ್ಬಿಯನ್ನು ಕಾಲಲ್ಲಿ ಅವುಚಿಕೊಂಡು ನೆಲದ ಮೇಲೆ ಹೊರಳಾಡುತ್ತಿದ್ದವನನ್ನು ಹೆಂಡತಿ ವಿಡಿಯೋ ಮಾಡಿದಳು. ನೋಡಿದೆ. ಸಾಕ್ಷಾತ್ ಕರಡಿಯೇ.

ಅಮ್ಮ ತಲೆಗೆ ಸೆರಗು ಬಿಗಿದುಕೊಂಡು ದೇವರ ಗೂಡಿನ ಹತ್ತಿರ ಹೋದಳು. ನಾವು ಕ್ಷೇಮವಾಗಿ ಬರಲಿ ಅಂತ ಧರ್ಮಸ್ಥಳದ ಮಂಜುನಾಥನಿಗೆ ಅವಳು ಮುಡಿಪು ಕಟ್ಟಿಟ್ಟಿದ್ದಳು. ಅರಿಶಿನದಲ್ಲಿ ಅದ್ದಿದ ಬಟ್ಟೆ, ಒಳಗೆ ಹತ್ತರ ನೋಟು, ಒಂದು ರೂಪಾಯಿಯ ನಾಣ್ಯ.

"ಹರಕೆ ತೀರೋ ಮುಂಚೆ ಬಿಚ್ಚಬಾರದು, ಗೊತ್ತಾ?" ಅಂದಳು. ಆಮೇಲೆ ಗಂಟಿನ ಕಡೆ ತಿರುಗಿ, "ಸ್ವಾಮಿ, ಐದೇ ನಿಮಿಷ."

ಹಳದಿ ಮೆತ್ತಿದ ರೂಪಾಯಿ ಸೀಳಿಗೆ ಹೇಳಿ ಮಾಡಿಸಿದಂತೆ ಕೂತಿತು. ಡಬ್ಬಿ ತೆರೆಯಿತು. ಚಟ್ನಿಪುಡಿ, ಸೋಪು, ಅಮೃತಾಂಜನ ಮೂರೂ ಸೇರಿದ ಒಂದು ವಾಸನೆ ಎದ್ದು ಬಂತು. ಕರಡಿಯಾದರೆ ಅಲ್ಲಿಂದಲೇ ವಾಪಸ್ ಹೋಗುತ್ತಿತ್ತು.

ಅಮ್ಮ ಹಣೆಗೆ ಉಜ್ಜಿಕೊಂಡು ರೂಪಾಯಿಯನ್ನು ಸೆರಗಿನಲ್ಲಿ ಒರೆಸಿದಳು. ಬಟ್ಟೆಯಲ್ಲಿಟ್ಟು ಕಟ್ಟಲು ಹೊರಟವಳು ತಡೆದು ಕೈ ಚಾಚಿದಳು. "ಅದನ್ನೂ ಕೊಡು. ತಪ್ಪುಕಾಣಿಕೆ."

ಪುಟ್ಟ ಚೀಲದಿಂದ ಈಗಷ್ಟೇ ತೆಗೆದ ನನ್ನ ಕ್ವಾರ್ಟರ್, ಅಂದರೆ ಇಪ್ಪತ್ತೈದು ಸೆಂಟಿನ ನಾಣ್ಯ, ಗಂಟಿಗೆ ಸೇರಿತು. ಈ ಸಲ ಮೂರು ಗಂಟು ಹಾಕಿದಳು.

ಹೊರಡಲು ಇನ್ನು ನಾಲ್ಕು ದಿನ. ಮನೆಯಲ್ಲಿ ಒಂದೇ ಒಂದು ನಾಣ್ಯವಿಲ್ಲ.