ಆಡಿಟ್ ರಿಪೋರ್ಟ್ ಗೇಟಿನ ಬೋರ್ಡಿಗೆ ಬರಲಿ

ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮೆಷಿನ್ನಿನ ಸೂಜಿ ಮುರಿದರೆ ಏನಾಗುತ್ತದೆ ಗೊತ್ತಾ? ಟೈಲರ್ ಕೈ ಎತ್ತಬೇಕು. ಮೆಷಿನ್ ನಿಲ್ಲಬೇಕು. ಮುರಿದ ಸೂಜಿಯ ಒಂದೊಂದು ಚೂರನ್ನೂ ಹುಡುಕಬೇಕು. ಅಯಸ್ಕಾಂತ ಹಿಡಿದು ನೆಲವೆಲ್ಲ ಜಾಲಾಡುತ್ತಾರೆ. ಸಿಕ್ಕ ಚೂರುಗಳನ್ನು ಜೋಡಿಸಿ, ಸೂಜಿ ಪೂರ್ತಿ ಆಯಿತು ಅಂತ ಖಾತ್ರಿಯಾದ ಮೇಲೆ ರಿಜಿಸ್ಟರಿನಲ್ಲಿ ಟೇಪ್ ಹಾಕಿ ಅಂಟಿಸುತ್ತಾರೆ. ದಿನಾಂಕ, ಲೈನ್ ನಂಬರ್, ಮೆಷಿನ್ ನಂಬರ್, ಸೂಪರ್‌ವೈಸರ್ ಸಹಿ. ಆಮೇಲಷ್ಟೇ ಹೊಸ ಸೂಜಿ. ಒಂದೇ ಒಂದು ಚೂರು ಸಿಗದಿದ್ದರೂ ಅಲ್ಲಿದ್ದ ಪೀಸ್‌ಗಳನ್ನೆಲ್ಲ ಬದಿಗಿಟ್ಟು ಮೆಟಲ್ ಡಿಟೆಕ್ಟರ್ ಮಾಡಿಸಬೇಕು.

ಅದೇ ಸೂಜಿ ಟೈಲರ್ ಬೆರಳಿಗೆ ಹೊಕ್ಕರೆ? ಮೊದಲು ನೋಡುವುದು ಬಟ್ಟೆಗೆ ರಕ್ತ ಹತ್ತಿತಾ ಅಂತ.

ಬೆರಳಿಗೆ ಪಟ್ಟಿ ಸುತ್ತಿಕೊಂಡು ಆಕೆ ಮತ್ತೆ ಮೆಷಿನ್ ಮುಂದೆ ಕೂತರೆ ಎಷ್ಟೋ ಕಡೆ ಅದು ಲೆಕ್ಕಕ್ಕೇ ಬರುವುದಿಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲೂ ಗಾಯದಿಂದ 48 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಕೆಲಸ ತಪ್ಪಿದರೆ ಇಲಾಖೆಗೆ ತಿಳಿಸಬೇಕು ಅಂತಿತ್ತು. ಬೆರಳಿನ ಗಾಯಕ್ಕೆ ಎರಡು ದಿನ ರಜೆ ಹಾಕಿದರೆ ಸಂಬಳ ಹೋಗುತ್ತದೆ, ಹಾಜರಾತಿ ಬೋನಸ್ಸೂ ಹೋಗುತ್ತದೆ. ಯಾರು ಹಾಕುತ್ತಾರೆ?

ಸೂಜಿ ರಿಜಿಸ್ಟರ್ ಬೇಡ ಅಂತ ನಾನು ಹೇಳುತ್ತಿಲ್ಲ. ಯಾವುದೋ ದೇಶದ ಮಗು ಹಾಕಿಕೊಳ್ಳುವ ಅಂಗಿಯಲ್ಲಿ ಸೂಜಿ ಚೂರು ಇರಬಾರದು, ಸರಿಯೇ. ಆದರೆ ಬಯ್ಯರ್, ಅಂದರೆ ನಮ್ಮಿಂದ ಬಟ್ಟೆ ಹೊಲಿಸಿಕೊಳ್ಳುವ ಹೊರದೇಶದ ಕಂಪನಿ, ಮನಸ್ಸು ಮಾಡಿದರೆ ಫ್ಯಾಕ್ಟರಿ ಎಷ್ಟು ಕಟ್ಟುನಿಟ್ಟಾಗಿ ನಡೆಯಬಲ್ಲದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಟಾರ್ಗೆಟ್ ಹೋದರೂ ಪರವಾಗಿಲ್ಲ, ಲೈನ್ ನಿಲ್ಲಿಸುತ್ತಾರೆ.

ನಾನು ಈ ಕಂಪ್ಲೈಯನ್ಸ್, ಅಂದರೆ ಫ್ಯಾಕ್ಟರಿ ನಿಯಮ ಪಾಲಿಸುತ್ತಿದೆಯಾ ಅಂತ ನೋಡಿಕೊಳ್ಳುವ ಕೆಲಸದಲ್ಲೇ ಇರುವವಳು. ಎಸ್‌ಎ 8000, ಸ್ಮೆಟಾ, ಬಿಎಸ್‌ಸಿಐ ಅಂತ ನಾನಾ ಹೆಸರಿನ ಆಡಿಟ್‌ಗಳಿಗೆ, ಅಂದರೆ ಕಾರ್ಮಿಕರ ಸ್ಥಿತಿಗತಿ, ಸುರಕ್ಷತೆ ನೋಡಲು ಹೊರಗಿನವರು ಬಂದು ಮಾಡುವ ತಪಾಸಣೆಗಳಿಗೆ, ಫೈಲ್ ಜೋಡಿಸುವುದೇ ನನ್ನ ಹೊಟ್ಟೆಪಾಡು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿದವರಿಗೆ ಆಡಿಟ್ ದಿನ ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಹಳದಿ ಗೆರೆ ಎಳೆದ ದಾರಿ ಅವತ್ತು ಖಾಲಿ. ಕಾರ್ಟನ್‌ಗಳೆಲ್ಲ ಎಲ್ಲಿ ಹೋದವೋ ದೇವರಿಗೇ ಗೊತ್ತು. ಟಾಯ್ಲೆಟ್‌ನಲ್ಲಿ ಸೋಪು. ಓವರ್‌ಲಾಕ್ ಮೆಷಿನ್‌ಗಳಿಗೆಲ್ಲ ಐ ಗಾರ್ಡ್ ಇಳಿದಿರುತ್ತದೆ. ಎಲ್ಲರ ಮೂಗಿಗೂ ಮಾಸ್ಕ್.

ಕಟಿಂಗ್ ಸೆಕ್ಷನ್‌ಗೆ ಬನ್ನಿ. ಅಲ್ಲಿ ಉಕ್ಕಿನ ಸಣ್ಣ ಸಣ್ಣ ಬಳೆ ಹೆಣೆದು ಮಾಡಿದ ಗ್ಲೌಸ್ ಇರುತ್ತದೆ. ಪದರ ಪದರವಾಗಿ ಹಾಸಿದ ಬಟ್ಟೆಯನ್ನು ಕತ್ತರಿಸುವಾಗ ಬ್ಲೇಡಿನ ಹತ್ತಿರ ಹೋಗುವ ಕೈಗೆ ಅದನ್ನು ಹಾಕಿಕೊಳ್ಳಬೇಕು. ಒಳ್ಳೆಯ ವಸ್ತು, ಬೆರಳು ಉಳಿಸುತ್ತದೆ. ಆದರೆ ನಾನು ನೋಡಿದವೆಲ್ಲ ಒಂದೇ ಸೈಜ್, ದೊಡ್ಡದು. ನಮ್ಮ ಹುಡುಗರ ಕೈಯಲ್ಲಿ ಬೆರಳ ತುದಿ ಜೋತುಬೀಳುತ್ತದೆ. ಜೋತುಬಿದ್ದ ತುದಿ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಕೆಲಸ ನಿಧಾನ ಆಗುತ್ತದೆ, ಇನ್‌ಚಾರ್ಜ್ ಬೈಯುತ್ತಾನೆ. ಹಾಗಾಗಿ ಮಾಮೂಲಿ ದಿನ ಅದು ಮೊಳೆಗೆ ನೇತಾಡುತ್ತಿರುತ್ತದೆ. ಚೆಕ್‌ಲಿಸ್ಟಿನಲ್ಲಿ ಮಾತ್ರ 'ಗ್ಲೌಸ್ ಕೊಡಲಾಗಿದೆ: ಹೌದು.' ಸುಳ್ಳೇನಲ್ಲ, ಕೊಟ್ಟಿದ್ದಾರೆ. ಸೈಜ್ ಸರಿಯಿದೆಯಾ ಅಂತ ಕಟಿಂಗ್ ಹುಡುಗನನ್ನು ಕೇಳುವ ಕಾಲಂ ನಾನಂತೂ ಯಾವ ಚೆಕ್‌ಲಿಸ್ಟಿನಲ್ಲೂ ಕಂಡಿಲ್ಲ.

(ಅಂದಹಾಗೆ, ಬಯ್ಯರ್‌ಗಳ ನಡುವೆಯೇ ಒಮ್ಮತ ಇಲ್ಲ. ಬೆಂಕಿ ಆರಿಸುವ ಸಿಲಿಂಡರನ್ನು ಒಬ್ಬರು ಇಷ್ಟು ಎತ್ತರಕ್ಕೆ ತೂಗುಹಾಕಿ ಅಂದರೆ, ಇನ್ನೊಬ್ಬರು ಸ್ವಲ್ಪ ಕೆಳಗಿಳಿಸಿ ಅನ್ನುತ್ತಾರೆ. ಗೋಡೆ ತುಂಬಾ ತೂತು.)

ಸರ್ಟಿಫಿಕೇಟ್ ಇದ್ದರೆ ಜೀವ ಉಳಿಯುತ್ತದೆ ಅನ್ನುವವರು ಕರಾಚಿಯ ಅಲಿ ಎಂಟರ್‌ಪ್ರೈಸಸ್ ನೆನಪಿಸಿಕೊಳ್ಳಬೇಕು. 2012ರ ಸೆಪ್ಟೆಂಬರ್ 11ರಂದು ಆ ಗಾರ್ಮೆಂಟ್ ಫ್ಯಾಕ್ಟರಿ ಹೊತ್ತಿ ಉರಿದು 250ಕ್ಕೂ ಹೆಚ್ಚು ಜನ ಸತ್ತರು. ಕಿಟಕಿಗಳಿಗೆ ಸರಳು, ಹೊರಗೆ ಹೋಗುವ ಬಾಗಿಲುಗಳಿಗೆ ಬೀಗ. ಅದಕ್ಕೆ ಕೆಲವೇ ವಾರ ಮೊದಲು ಇದೇ ಫ್ಯಾಕ್ಟರಿಗೆ ಎಸ್‌ಎ 8000 ಸರ್ಟಿಫಿಕೇಟ್ ಸಿಕ್ಕಿತ್ತು! ಬೆಂಕಿ ಬೇಕಂತಲೇ ಹಚ್ಚಿದ್ದು ಅಂತ 2020ರಲ್ಲಿ ಅಲ್ಲಿನ ಕೋರ್ಟ್ ಇಬ್ಬರಿಗೆ ಮರಣದಂಡನೆ ವಿಧಿಸಿತು. ಇರಲಿ. ಬೆಂಕಿ ಹೇಗೇ ಹೊತ್ತಿರಲಿ, ಬಾಗಿಲಿಗೆ ಬೀಗ ಹಾಕಿದ್ದು ಬೆಂಕಿ ಹಚ್ಚಿದವರಲ್ಲವಲ್ಲ. ಬೀಗ ಯಾಕೆ ಹಾಕುತ್ತಾರೆ ಅಂತ ಈ ಲೈನಿನಲ್ಲಿ ಇರುವವರಿಗೆಲ್ಲ ಗೊತ್ತು. ಪೀಸ್ ಕಳುವಾಗದಿರಲಿ ಅಂತ.

ಮರುವರ್ಷ ಢಾಕಾ ಹತ್ತಿರದ ಸಾವರ್‌ನಲ್ಲಿ ರಾಣಾ ಪ್ಲಾಜಾ. 2013ರ ಏಪ್ರಿಲ್ 24. ಎಂಟು ಮಹಡಿಯ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಹೋದರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಕೆಳಗಿದ್ದ ಬ್ಯಾಂಕಿನವರು ತಮ್ಮ ಸಿಬ್ಬಂದಿಯನ್ನು ಕಳಿಸಿಬಿಟ್ಟರು. ಮೇಲಿನ ಮಹಡಿಗಳಲ್ಲಿದ್ದ ಗಾರ್ಮೆಂಟ್ಸ್‌ನವರು ಮಾತ್ರ ಮರುದಿನ ಬೆಳಗ್ಗೆ ಕೆಲಸಕ್ಕೆ ಬನ್ನಿ ಅಂದರು. ಬರದಿದ್ದರೆ ಸಂಬಳ ಕಟ್ ಅನ್ನುವ ಬೆದರಿಕೆ ಬೇರೆ. ಅಲ್ಲಿನ ಕೆಲವು ಫ್ಯಾಕ್ಟರಿಗಳಿಗೂ ಆಡಿಟ್ ಆಗಿತ್ತು. ಬಿರುಕನ್ನು ಹೆಣ್ಣುಮಕ್ಕಳು ಕಣ್ಣಾರೆ ನೋಡಿದ್ದರು, ಒಳಗೆ ಹೋಗಲ್ಲ ಅಂತ ಗೇಟಿನಲ್ಲಿ ವಾದ ಕೂಡ ಮಾಡಿದ್ದರು. ಅಪಾಯ ಗೊತ್ತಿದ್ದವರ ಮಾತಿಗೆ ಬೆಲೆ ಇರಲಿಲ್ಲ, ಅಷ್ಟೇ.

ನಮ್ಮಲ್ಲಿ ಒಮ್ಮೆ ಆಡಿಟ್ ಮುಗಿದು ಆಡಿಟರ್ ಕಾರು ಗೇಟ್ ದಾಟಿದ ಮೇಲೆ ಫಿನಿಶಿಂಗ್‌ನ ಒಬ್ಬ ಹಿರಿಯ ಹೆಂಗಸು ಕೇಳಿದರು: 'ಮೇಡಂ, ಬೆಳಗ್ಗಿಂದ ನಮ್ಮನ್ನೆಲ್ಲ ಕೇಳಿ ಕೇಳಿ ಬರ್ಕೊಂಡು ಹೋದ್ರಲ್ಲ, ಕೊನೆಗೆ ಏನಂತ ಬರೆದ್ರು?' ನಾನು ಅಂದೆ, 'ಅದು ಆಫೀಸಿಗೆ ಬರತ್ತೆ ಅಕ್ಕ.' ಅವರು ನಕ್ಕರು. 'ನಮ್ ಬಗ್ಗೆ ಬರೆದಿದ್ದು ನಮಗಿಲ್ಲ ಅನ್ನಿ.'

ಅಲ್ವಾ? ರಿಪೋರ್ಟ್ ಬಯ್ಯರ್‌ಗೆ ಹೋಗುತ್ತದೆ. ಮ್ಯಾನೇಜ್‌ಮೆಂಟ್‌ಗೆ ಒಂದು ಪ್ರತಿ. ನನ್ನಂಥವರ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಹಾಕಿ ಇಟ್ಟಿರುತ್ತದೆ. ಎರಡನೇ ಮಹಡಿಯ ಎಕ್ಸಿಟ್ ಬಾಗಿಲು ಒಳಕ್ಕೆ ತೆರೆಯುತ್ತದೆ, ಮೂರು ತಿಂಗಳಲ್ಲಿ ಸರಿಮಾಡಿ ಅಂತ ಅದರಲ್ಲಿ ಬರೆದಿದ್ದರೆ, ಆ ಮಹಡಿಯಲ್ಲಿ ದಿನಾ ಕೂರುವವರಿಗೆ ಅದು ಗೊತ್ತೇ ಇರುವುದಿಲ್ಲ. ಸರಿಮಾಡಿದರಾ ಅಂತ ಅವರು ಕೇಳುವುದು ಹೇಗೆ?

ನನ್ನ ಬೇಡಿಕೆ ಇಷ್ಟೇ. ಆಡಿಟ್‌ನಲ್ಲಿ ಸಿಕ್ಕ ತಪ್ಪುಗಳ ಪಟ್ಟಿ, ಯಾವುದನ್ನು ಯಾವ ತಾರೀಖಿನೊಳಗೆ ಸರಿಮಾಡಬೇಕು ಅನ್ನುವುದು, ಗೇಟಿನ ಹತ್ತಿರದ ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲಿ ಇರಲಿ. ಇದೇನು ಕ್ರಾಂತಿಯಲ್ಲ. ಕಾರ್ಖಾನೆ ಕಾಯ್ದೆಯ 108ನೇ ಸೆಕ್ಷನ್ ತೆಗೆದು ನೋಡಿ. ಕಾನೂನಿನ ಪ್ರಕಾರ ಹಾಕಬೇಕಾದ ನೋಟಿಸ್‌ಗಳು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು, ಎದ್ದು ಕಾಣುವ ಜಾಗದಲ್ಲಿರಬೇಕು ಅಂತ 1948ರಲ್ಲೇ ಬರೆದಿದ್ದಾರೆ. 2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಸಂಹಿತೆ ಜಾರಿಗೆ ಬಂದಿರಬಹುದು, ಆದರೆ ಆಗಿನವರಿಗೆ ಇದ್ದ ಈ ತಿಳಿವಳಿಕೆ ಬಯ್ಯರ್‌ಗಳು ಫ್ಯಾಕ್ಟರಿಗಳಿಗೆ ಹಾಕಿಕೊಡುವ ನಿಯಮಗಳ ದಪ್ಪ ದಪ್ಪ ಕೋಡ್ ಪುಸ್ತಕಗಳಿಗೆ ಇನ್ನೂ ಬಂದಿಲ್ಲ. ಕೋಡ್ ಏನೋ ಗೋಡೆಗೆ ಅಂಟಿಸುತ್ತಾರೆ. ಅದನ್ನು ಪಾಲಿಸಿದಿರಾ ಅನ್ನುವ ಉತ್ತರ ಲಾಕರಿನಲ್ಲಿ!

ಬಹಿರಂಗ ಮಾಡಿದರೆ ಎಕ್ಸ್‌ಪೋರ್ಟ್ ಮುಳುಗುತ್ತದೆ ಅನ್ನುವವರಿಗೆ ಬಾಂಗ್ಲಾದೇಶವೇ ಉತ್ತರ. ರಾಣಾ ಪ್ಲಾಜಾ ಆದ ಮೇಲೆ 2013ರ ಮೇ ತಿಂಗಳಲ್ಲಿ ಬ್ರ್ಯಾಂಡ್‌ಗಳು ಮತ್ತು ಕಾರ್ಮಿಕ ಸಂಘಟನೆಗಳು 'ಅಕಾರ್ಡ್' ಅನ್ನುವ ಒಪ್ಪಂದ ಮಾಡಿಕೊಂಡವು. ಸುಮ್ನೆ ಮಾತಿನ ಒಪ್ಪಂದ ಅಲ್ಲ, ಕಾನೂನಿನಂತೆ ಕಟ್ಟುಬೀಳುವಂಥದ್ದು. ಎಂಜಿನಿಯರ್‌ಗಳು ಬಂದು ಕಟ್ಟಡ, ವೈರಿಂಗ್, ಬೆಂಕಿ ಸುರಕ್ಷತೆ ನೋಡಿದರು. ಯಾವ ಫ್ಯಾಕ್ಟರಿಯಲ್ಲಿ ಏನು ಕೊರತೆ, ಎಷ್ಟು ಸರಿಯಾಗಿದೆ ಅನ್ನುವುದನ್ನು ಎಲ್ಲರೂ ನೋಡುವಂತೆ ಪ್ರಕಟಿಸಿದರು. ಅಪಾಯ ಕಂಡರೆ ಕೆಲಸ ಮಾಡಲ್ಲ ಅನ್ನುವ ಹಕ್ಕನ್ನು ಒಪ್ಪಿಕೊಂಡರು. ಬಾಂಗ್ಲಾದ ಎಕ್ಸ್‌ಪೋರ್ಟ್ ಏನೂ ಮುಳುಗಲಿಲ್ಲ. ಆ ದೇಶ ಇವತ್ತಿಗೂ ಜಗತ್ತಿಗೆ ಬಟ್ಟೆ ಹೊಲಿದುಕೊಡುವವರಲ್ಲಿ ಮುಂಚೂಣಿಯಲ್ಲಿದೆ. 2023ರಲ್ಲಿ ಅದೇ ಮಾದರಿ ಪಾಕಿಸ್ತಾನಕ್ಕೂ ಹೋಯಿತು. ನಮ್ಮಲ್ಲಿ ಪಕ್ಕದ ತಮಿಳುನಾಡಿನ ದಿಂಡಿಗಲ್‌ನಲ್ಲಿ 2022ರಲ್ಲಿ ಇಂಥ ಕಟ್ಟುನಿಟ್ಟಿನ ಒಪ್ಪಂದ ಆಗಿದೆ, ಅದು ಮುಖ್ಯವಾಗಿ ಹೆಣ್ಣುಮಕ್ಕಳ ಮೇಲಿನ ಕಿರುಕುಳದ ವಿಷಯಕ್ಕೆ. ಕಟ್ಟಡಕ್ಕೆ, ಬೆಂಕಿಗೆ ಅಂತ ಅಂಥದ್ದು ಇಲ್ಲಿ ಇನ್ನೂ ಬಂದಿಲ್ಲ. ಬರಬೇಕಾದರೆ ನಮ್ಮಲ್ಲೂ ಒಂದು ರಾಣಾ ಪ್ಲಾಜಾ ಆಗಬೇಕಾ?

ಮಾಲೀಕರ ಕಡೆಯ ಮಾತಲ್ಲೂ ನ್ಯಾಯ ಇದೆ, ಅದನ್ನೂ ಹೇಳಿಬಿಡುತ್ತೇನೆ. ಎಕ್ಸಿಟ್ ಮೆಟ್ಟಿಲು ಕಟ್ಟಿಸಿ ಅನ್ನುವ ಬಯ್ಯರ್ ಮುಂದಿನ ಸೀಸನ್‌ಗೆ ಪೀಸ್ ರೇಟ್ ಇಳಿಸಿ ಅನ್ನುತ್ತಾನೆ. ಆಡಿಟ್ ಫೀಸೂ ಎಷ್ಟೋ ಸಲ ಫ್ಯಾಕ್ಟರಿಯದ್ದೇ. ಒಂದು ಆಫೀಸಿನಿಂದ ಸುರಕ್ಷತೆಯ ಮೇಲ್, ಇನ್ನೊಂದರಿಂದ ಶಿಪ್‌ಮೆಂಟ್ ಯಾಕೆ ತಡ ಅನ್ನುವ ಮೇಲ್. ಎರಡನೆಯದಕ್ಕೇ ಮೊದಲು ಉತ್ತರ ಹೋಗುತ್ತದೆ. ಅದಕ್ಕೇ ನಾನು ಹೇಳುವುದು, ಬೋರ್ಡಿನಲ್ಲಿ ಇನ್ನೊಂದು ಸಾಲೂ ಇರಲಿ: ಈ ರಿಪೇರಿಗೆ ಬಯ್ಯರ್ ಎಷ್ಟು ಕೊಟ್ಟರು ಅಂತ. ಅದು ಸೊನ್ನೆಯಾದರೆ ಸೊನ್ನೆ ಅಂತಲೇ ಬರೆಯಲಿ. ಅಷ್ಟಾದರೂ ಗೊತ್ತಾಗಲಿ.

ಕೆಲಸ ಹೊರಗೆ ಹೋಗುವ ಸಣ್ಣ ಜಾಬ್‌ವರ್ಕ್ ಯೂನಿಟ್‌ಗಳ ಕಥೆ ಬೇರೆಯೇ ಇದೆ. ಅಲ್ಲಿಗೆ ಆಡಿಟರ್ ಕಾರು ಹೋಗುವುದೇ ಅಪರೂಪ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಈ ವಿಷಯ ಎತ್ತಿದಾಗೆಲ್ಲ ಬರುವ ಇನ್ನೊಂದು ತಕರಾರು: 'ಈಗ ಲೈನಿನಲ್ಲಿ ಒಡಿಶಾ, ಜಾರ್ಖಂಡ್ ಹುಡುಗಿಯರೇ ಜಾಸ್ತಿ, ಎಷ್ಟು ಭಾಷೆಗೆ ಅಂತ ಬರೆಸೋದು?' ಗಾರ್ಮೆಂಟ್ಸ್‌ನವರು ನಡೆಸುವ ಒಂದು ಹಾಸ್ಟೆಲ್‌ಗೆ ಹೋಗಿದ್ದೆ. ರಾತ್ರಿ ಎಷ್ಟು ಗಂಟೆಯೊಳಗೆ ವಾಪಸ್ ಬರಬೇಕು, ಲೇಟಾದರೆ ಏನಾಗುತ್ತದೆ ಅನ್ನುವ ನಿಯಮಗಳನ್ನು ಅಲ್ಲಿ ಕನ್ನಡ, ಹಿಂದಿ, ಒಡಿಯಾ ಮೂರರಲ್ಲೂ ಚೆನ್ನಾಗಿ ಟೈಪ್ ಮಾಡಿಸಿ, ಲ್ಯಾಮಿನೇಷನ್ ಹಾಕಿಸಿ ಬಾಗಿಲಿಗೇ ಅಂಟಿಸಿದ್ದರು.